ಕಣ್ಣು ಬಿಟ್ಟ ರಾಜ

ಬೆಳಿಗ್ಗೆ ನೋಡಿದರೆ ತಾತನ ಚಪ್ಪಲಿಗಳು ಬೀದಿಯ ಕಡೆ ಮುಖ ಮಾಡಿದ್ದವು, ಗೆಳೆಯರೇ. ತಾತ ಹಾಸಿಗೆ ಹಿಡಿದು ತಿಂಗಳುಗಳಾದವು. "ನಾನಂತೂ ಮುಟ್ಟಿಲ್ಲ ಕಣೇ" ಅಂದಳು ಅಮ್ಮ.

ಸರಸ್ವತಿಪುರಂನ ನಮ್ಮ ಪುಟ್ಟ ಆಫೀಸಿನಲ್ಲಿ ಒಂದು ಕಂಪ್ಯೂಟರ್ ಗೇಮ್ ತಯಾರಾಗುತ್ತಿದೆ. ಮಧ್ಯಯುಗದ ಜರ್ಮನಿಯಲ್ಲಿ ರಾಜನೊಬ್ಬ ಸಾಯುತ್ತಿದ್ದಾನೆ, ಸಿಂಹಾಸನಕ್ಕಾಗಿ ಇಬ್ಬರು ಡ್ಯೂಕ್‌ಗಳು ಕಾದಿದ್ದಾರೆ. ಅಲ್ಲಿ ಹಿರಿಯ ಮಗನಿಗೇ ಪಟ್ಟ ಎಂಬ ಖಾತ್ರಿಯಿಲ್ಲ. ರಾಜನ ಹೆಣಕ್ಕೆ ಹೆಗಲು ಕೊಟ್ಟು, ಕಿರೀಟ ಕೈವಶ ಮಾಡಿಕೊಂಡವನ ಮಾತಿಗೆ ತೂಕ ಹೆಚ್ಚು. ಸಂಭಾಷಣೆ ಬರೆಯುವವಳು ನಾನು.

ಇವತ್ತು ಸಹೋದ್ಯೋಗಿ ಲೋಹಿತ್ ಅದನ್ನು ಆಡಿ ನೋಡುತ್ತಿದ್ದ. ರಾಜನ ಮಂಚದ ಪಕ್ಕದಲ್ಲೇ ಡ್ಯೂಕ್‌ಗಳ ಜಗಳ ಶುರುವಾಯಿತು.

"ಹೆಗಲು ಕೊಡೋನು ನಾನು, ಅರಮನೇನೂ ನಂದೇ."

"ಅದೆಂಗೆ ಕೊಡ್ತೀಯೋ ನಾನೂ ನೋಡ್ತೀನಿ!"

ಲೋಹಿತ್ ನಕ್ಕ. "ಉಸಿರಿರೋವಾಗ್ಲೇ ಯಾರಮ್ಮಾ ಹಿಂಗೆ ಮಾತಾಡ್ತಾರೆ? ಸ್ವಲ್ಪ ನಿಜ ಅನ್ನಿಸೋ ಹಾಗೆ ಬರಿ."

ಭಾನುವಾರ ತಾತನ ತಲೆದೆಸೆಯಲ್ಲಿ ನಿಂತು ದೊಡ್ಡಪ್ಪ, ಚಿಕ್ಕಪ್ಪ ಆಡಿದ ಮಾತುಗಳೇ ಅವು. ತಾತನ ನಜರ್‌ಬಾದಿನ ಮನೆಯನ್ನು ಅರಮನೆ ಮಾಡಿದ್ದೆ, ಅಷ್ಟೇ.

ಆಗಲೇ ಪರದೆಯ ಮೇಲೆ ರಾಜ ಕಣ್ಣು ಬಿಟ್ಟು ನಮ್ಮತ್ತ ನೋಡಿದ.

"ಇದನ್ನ ನೀನು ಬರೆದ್ಯಾ?" ಎಂದ ಲೋಹಿತ್.

"ಇಲ್ಲ. ನೀನು ಹಾಕಿದ್ದಲ್ವಾ?"

ಅವನು ತಟ್ಟನೆ ಕಂಪ್ಯೂಟರ್ ಆರಿಸಿದ.

ಸಂಜೆ ದೊಡ್ಡಪ್ಪ, ಚಿಕ್ಕಪ್ಪ ಮತ್ತೆ ಬರುತ್ತಾರೆ. "ಆಚೆ ಹೋಗಿ ಮಾತಾಡಿ, ತಾತಂಗೆ ಎಲ್ಲ ಕೇಳಿಸುತ್ತೆ" ಎಂದು ಈ ಸಲ ಹೇಳಿಯೇಬಿಡುತ್ತೇನೆ. ಹೊರಟು ನಿಂತಂತಿರುವ ಆ ಚಪ್ಪಲಿಗಳನ್ನು ಮಾತ್ರ ಮನೆಯ ಕಡೆ ತಿರುಗಿಸಿಡುವುದಿಲ್ಲ. ಅಷ್ಟು ಧೈರ್ಯ ನನಗಿಲ್ಲ.