ಚಂದ್ರಿಕೆ ಮೇಲೆ ಫೋನು

ಕನಕಪುರದ ಕಡೆ ನಾನಿದ್ದಾಗ ಪಕ್ಕದ ಮನೆಯಲ್ಲಿ ರೇಷ್ಮೆಹುಳು ಸಾಕುವ ಅಕ್ಕ ಒಬ್ಬರಿದ್ದರು. ಏನನ್ನೇ ಆಗಲಿ ಕೈಯ ಹಿಂಬದಿಯಿಂದ ಮುಟ್ಟಿ ನೋಡುವುದು ಅವರ ಅಭ್ಯಾಸ. ಹುಳುವಿನ ತಟ್ಟೆ, ಮಕ್ಕಳ ಹಣೆ, ಚಾರ್ಜಿಗೆ ಹಾಕಿದ ಫೋನು, ಎಲ್ಲಕ್ಕೂ ಅದೇ ಪರೀಕ್ಷೆ. ಬಿಸಿ ಕಂಡರೆ, "ಒಸಿ ಗಾಳಿ ಆಡ್ಲಿ ಬುಡಿ" ಅನ್ನುತ್ತಿದ್ದರು.

ಒಮ್ಮೆ ಅವರ ಮೊಮ್ಮಗಳ ನಾಮಕರಣಕ್ಕೆ ಬಂದ ನೆಂಟರೂ ನಾನೂ ಫೋನುಗಳನ್ನೆಲ್ಲ ಹಾಸಿಗೆ ಮೇಲೆ ಗುಡ್ಡೆ ಹಾಕಿ ಚಾರ್ಜಿಗೆ ಇಟ್ಟಿದ್ದೆವು. ಅಕ್ಕ ಬೈಯಲಿಲ್ಲ. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯೊಂದನ್ನು ತಂದು ನೆಲಕ್ಕೆ ಹಾಸಿ, ಒಂದಕ್ಕೊಂದು ತಾಗದಂತೆ ಫೋನುಗಳನ್ನು ಹರಡಿದರು.

"ಏನಕ್ಕ, ನಾಳೆ ಇವೂ ಗೂಡು ಕಟ್ತವಾ?" ಎಂದು ನೆಂಟರು ನಕ್ಕರು. ಅಕ್ಕನೂ ನಕ್ಕರು.

ನನ್ನ ಫೋನಿಗೆ ಚುಚ್ಚಿದ್ದ ಪವರ್‌ಬ್ಯಾಂಕ್ ಅಕ್ಕನ ಕೈಗೆ ಬಂದಾಗ ಮಾತ್ರ ಅವರ ನಗು ನಿಂತಿತು. ಅದರ ಹೊಟ್ಟೆ ಉಬ್ಬಿತ್ತು. ವೈರು ಕಿತ್ತವರೇ ಅದನ್ನು ಒಯ್ದು ಅಂಗಳದಾಚೆಯ ಮರಳಿನ ಮೇಲೆ ಇಟ್ಟು ಬಂದರು.

"ಚೆನ್ನಾಗೇ ಚಾರ್ಜ್ ಆಗ್ತಿತ್ತಲ್ಲಕ್ಕಾ!" ನನಗೆ ಸಿಟ್ಟು.

"ರೋಗ ಬಂದ ಹುಳಾನೂ ಉಬ್ಕಂಡೇ ಸೊಪ್ಪು ತಿಂತದೆ ಕಣಪ್ಪ. ತಿಂತದಲ್ಲಾ ಅಂತ ತಟ್ಟೇಲೇ ಬುಟ್ರೆ ಮಿಕ್ಕವೂ ಹೋಯ್ತವೆ."

ಹಾಗಂದವರು ತಮ್ಮ ಫೋನಿನ ಚಾರ್ಜರ್ ಬಿಚ್ಚಿ ನನ್ನದಕ್ಕೆ ಹಾಕಿದರು. ಆಮೇಲೆ ಕೈಯ ಹಿಂಬದಿಯಿಂದ ಒಮ್ಮೆ ಮುಟ್ಟಿ ನೋಡಿದರು.