ಕಾಶೀಬಾಯಿ ಹಿಡಿದ ಸೋರಿಕೆ

ಕಾಶೀಬಾಯಿ ಯಾವ ಕೋಣೆಗೂ ನೇರವಾಗಿ ಕಾಲಿಡುತ್ತಿರಲಿಲ್ಲ. ಹೊಸ್ತಿಲಲ್ಲಿ ನಿಂತು ಒಮ್ಮೆ ಉಸಿರೆಳೆದುಕೊಂಡು ಆಮೇಲೆ ಒಳಗೆ ಬರುತ್ತಿದ್ದರು. ಉದಗೀರದ ನಮ್ಮ ಕಾಲೇಜಿನ ರಸಾಯನ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುವ ಹಂಗಾಮಿ ಕೆಲಸ ಅವರದು. ಯಾವ ಬಾಟಲಿಯ ಬಿರಡೆ ಸಡಿಲಾಗಿದೆ ಎಂದು ಬಾಗಿಲಲ್ಲೇ ಹೇಳುತ್ತಿದ್ದರು. “ಮೂಗಿಗಿ ಡಿಗ್ರಿ ಬೇಕಾಗಲ್ರಿ, ಸರ್” ಎಂದು ನಗುತ್ತಿದ್ದರು. ಭೂಕಂಪದಲ್ಲಿ ಉಮರ್ಗಾ ಕಡೆಯ ಮನೆಯೂ ಮನೆಯವರೂ ಹೋದ ಮೇಲೆ, ಉಳಿದೊಬ್ಬ ತಮ್ಮ ಈರಣ್ಣನನ್ನು ಸಾಕಿ ಬೆಳೆಸಿದವರು ಅವರು.

ನಾನಾಗ ಪಿಎಚ್.ಡಿ. ಮಾಡುತ್ತಿದ್ದೆ. ನೆಲಕ್ಕೆ ಹಾಸುವ ಫರಸಿ ಕಲ್ಲಿನ ತುಂಡಿಗೆ ಟೈಟಾನಿಯಂ ಡೈಆಕ್ಸೈಡಿನ ಬಿಳಿ ಪುಡಿ ಲೇಪಿಸಿ, ಅದರ ಮೇಲೆ ನೇರಳಾತೀತ ಬೆಳಕು ಬಿಟ್ಟರೆ, ಗಾಳಿಯಲ್ಲಿರುವ, ಬಣ್ಣಕ್ಕೆ ಬೆರೆಸುವ ಥಿನ್ನರಿನ ವಿಷದ ಆವಿ ಒಡೆದುಹೋಗುತ್ತದೆ ಎಂದು ತೋರಿಸಬೇಕಿತ್ತು. ಗಾಜಿನ ಪೆಟ್ಟಿಗೆಯಲ್ಲಿ ಆವಿ ತುಂಬಿ ಆ ಬೆಳಕಿನ ದೀಪ ಹಚ್ಚಿದರೆ ಸಂಜೆಗೆ ಬಹುಪಾಲು ಮಾಯವಾಗುತ್ತಿತ್ತು. ನಾನು ಹಿಗ್ಗಿದ್ದೆ.

ಒಂದು ಮಧ್ಯಾಹ್ನ ಕಾಶೀಬಾಯಿ ಪೆಟ್ಟಿಗೆಯ ಹತ್ತಿರ ನಿಂತಿದ್ದರು.

“ಇವತ್ತ ನೀವು ದೀಪಾ ಹಚ್ಚಿಲ್ರಿ. ಆದ್ರೂ ಒಳಗಿನ ವಾಸನಿ ಹೊರಗ ಬಂದು ಕಮ್ಮಿ ಆಗ್ಲಕತ್ತದ. ಈ ಮೂಲ್ಯಾಗ ಸೋರ್ಲಕತ್ತದ ನೋಡ್ರಿ.”

“ನೀವು ಬಾಟಲಿ ತೊಳೀರಿ, ಕಾಶೀಬಾಯಿ. ಪ್ರಯೋಗ ನನಗ ಬಿಡ್ರಿ.”

ಅವರು ಹೇಳಿದ್ದು ಸರಿಯಿರಬಹುದು ಎಂದು ಆ ಕ್ಷಣವೇ ನನಗೆ ಗೊತ್ತಾಗಿತ್ತು. ಪರೀಕ್ಷಿಸಲಿಲ್ಲ.

ಪ್ರಬಂಧಕ್ಕೆ ನಿಜವಾದ ಜಾಗದ ಪ್ರಯೋಗವೂ ಬೇಕಾಗಿತ್ತು. ಈರಣ್ಣ ನಿಲಂಗಾದಲ್ಲಿ ಟ್ರ್ಯಾಕ್ಟರ್ ಟ್ರಾಲಿಗಳಿಗೆ ಬಣ್ಣ ಹೊಡೆಯುತ್ತಿದ್ದ. ಅವನ ಶೆಡ್ಡಿನ ಗೋಡೆಗೆ ನನ್ನ ಫರಸಿಗಳನ್ನು ಜೋಡಿಸಿ, ದೀಪ ಹಚ್ಚಿ, ಬಾಗಿಲು ಮುಚ್ಚಲು ಹೇಳಿದೆ.

“ಬಾಗಲಾ ತೆರದಿಡ್ರಿ, ಸರ್” ಎಂದರು ಜೊತೆಗೆ ಬಂದಿದ್ದ ಕಾಶೀಬಾಯಿ.

“ಹೊರಗಿನ ಗಾಳಿ ಬಂದ್ರ ಅಳತಿ ಕೆಡ್ತದ” ಎಂದೆ.

ಈರಣ್ಣ ಒಳಗೆ ಬಣ್ಣ ಹೊಡೆಯತೊಡಗಿದ. ಸ್ವಲ್ಪ ಹೊತ್ತಿಗೆ ಸ್ಪ್ರೇ ಗನ್ ನೆಲಕ್ಕೆ ಬಿದ್ದ ಸದ್ದು ಕೇಳಿತು. ನಾನು ಹೊರಗೆ ಕೈಯಲ್ಲಿ ಆವಿ ಅಳೆಯುವ ಮೀಟರು ಹಿಡಿದು ನಿಂತೇ ಇದ್ದೆ. ಬಾಗಿಲು ತೆರೆದು, ಆವಿಗೆ ಎಚ್ಚರ ತಪ್ಪಿ ಬಿದ್ದಿದ್ದ ಅವನನ್ನು ಹೊರಗೆಳೆದವರು ಕಾಶೀಬಾಯಿ. ಎರಡು ದಿನ ದವಾಖಾನೆಯಲ್ಲಿದ್ದು ಅವನು ಚೇತರಿಸಿಕೊಂಡ.

ಸುದ್ದಿ ಕಾಲೇಜಿಗೆ ಮುಟ್ಟಿತು. ಪ್ರಾಚಾರ್ಯರು ನಮ್ಮಿಬ್ಬರನ್ನೂ ಕರೆಸಿದರು. ನಾನು ಬಾಯಿ ತೆರೆಯುವ ಮೊದಲೇ ಕಾಶೀಬಾಯಿ, “ನನ್ನ ತಮ್ಮ ಮುಂಜಾನಿಂದ ಉಂಡಿದ್ದಿಲ್ರಿ, ಚಕ್ಕರ್ ಬಂದು ಬಿದ್ದಾನ” ಎಂದರು. ನಾನು ಹೌದೆಂದು ತಲೆಯಾಡಿಸಿದೆ.

ಆಮೇಲೆ ಪೆಟ್ಟಿಗೆಯ ಮೂಲೆ ಬಿಗಿದು ಎಲ್ಲವನ್ನೂ ಹೊಸದಾಗಿ ಅಳೆದೆ. ದೀಪದಿಂದ ಆವಿ ಒಡೆಯುತ್ತಿದ್ದುದು ನಿಜ, ಆದರೆ ಬಹಳ ಸ್ವಲ್ಪ. ಹಾಗೆಯೇ ಬರೆದೆ. ಪದವಿ ತಡವಾಗಿ ಬಂತು. ಶೆಡ್ಡಿನ ವಿಷಯ ಮಾತ್ರ ಬರೆಯಲಿಲ್ಲ.

ವರ್ಷಗಳ ನಂತರ, ಕೆಲಸ ಬಿಟ್ಟು ಉಮರ್ಗಾಕ್ಕೆ ಮರಳಿದ್ದ ಅವರ ಹೊಸ ಮನೆಗೆ ಹೋದೆ. ಚಹಾ ಕೊಟ್ಟರು. ನಾನು ತಪ್ಪು ಒಪ್ಪಿಕೊಂಡು, “ಅವತ್ತ ನೀವು ನನ್ನ ಮಾನ ಉಳಿಸಿದ್ರಿ” ಎಂದೆ.

ಅವರು ನನ್ನ ಕಪ್ಪು ಎತ್ತಿಟ್ಟರು. ದನಿಯಲ್ಲಿ ಸಿಟ್ಟಿರಲಿಲ್ಲ.

“ನಿಮ್ಮ ಸಲುವಾಗಿ ಅಲ್ರಿ, ಸರ್. ಖರೇ ಹೇಳಿದ್ರ, ಹಂಗಾಮಿ ಕೆಲಸದಾಕಿ, ಮೊದಲ ನನ್ನ ನೌಕರಿ ಹೋಗ್ತಿತ್ತು.”

ಅಷ್ಟು ವರ್ಷ ಆ ಸುಳ್ಳನ್ನು ಅವರಿಗೆ ನನ್ನ ಮೇಲಿದ್ದ ಅಭಿಮಾನ ಎಂದುಕೊಂಡಿದ್ದೆ. ಮುಂದಿನ ಚಳಿಗಾಲದಲ್ಲಿ ಅವರು ತೀರಿಕೊಂಡರು. ಅವರ ಮಣ್ಣಿಗೆ ಹೋಗಿ, ಈರಣ್ಣನಿಗೆ ಮುಖ ತೋರಿಸಲಾಗದೆ ಜನರ ಹಿಂದೆ ನಿಂತು ಬಂದೆ.