ಬಾಳೂರಿನ ಬದಲು ಬೇಲೂರು

ಮೂಡಿಗೆರೆಯ ಕಿರಾಣಿ ಅಂಗಡಿ ವೀರೇಂದ್ರನನ್ನು ಮಾತಾಡಿಸಿದರೆ ತನ್ನ ದಡ್ಡತನದ ಕತೆಯನ್ನು ಬೆಲ್ಲದ ಜೊತೆ ಪುಕ್ಕಟೆ ಕಟ್ಟಿಕೊಡುತ್ತಾನೆ. ಕತೆ ತೊಂಬತ್ತಾರನೇ ಇಸವಿಯದು. ಆಗ ಅವನಿಗೆ ಮೂವತ್ತು ದಾಟಿತ್ತು. ಹೆಣ್ಣು ನೋಡಲು ಹೋದಲ್ಲೆಲ್ಲ ಏನಾದರೊಂದು ನೆಪಕ್ಕೆ ತಪ್ಪಿಹೋಗಿ, ಮದುವೆಯ ಆಸೆಯನ್ನೇ ಹೆಚ್ಚುಕಡಿಮೆ ಬಿಟ್ಟಿದ್ದ.

ಸಂಜೆಯಾದರೆ ಅವನಿಗೆ ತಲೆನೋವು. ಎದುರು ಬರುವ ಜೀಪಿನ ದೀಪ ಉದ್ದಕ್ಕೆ ಗೀಚಿದಂತೆ ಹರಡುತ್ತಿತ್ತು, ಅಕ್ಷರಕ್ಕೆ ನೆರಳು ಬೀಳುತ್ತಿತ್ತು. ಎಲ್ಲರಿಗೂ ಹೀಗೇ ಕಾಣುತ್ತದೆ ಅಂತ ಈ ಮಹಾನುಭಾವ ನಂಬಿದ್ದ. ತಾಯಿ ಸಿದ್ದಗಂಗಮ್ಮ ಪಿತ್ತ ಅಂತ ಜೀರಿಗೆ ಕಷಾಯ ಕುಡಿಸುತ್ತಿದ್ದರು. ತಲೆನೋವು ತಡೆಯಲಾರದೆ ಅವನು ಕಣ್ಣಿನ ಡಾಕ್ಟರ ಮಾತೆತ್ತಿದರೆ, "ಸುಮ್ನಿರೋ, ಕನ್ನಡಕದ ಗಂಡಿಗೆ ಯಾರು ಹೆಣ್ಣು ಕೊಡ್ತಾರೆ?" ಅನ್ನುತ್ತಿದ್ದರು.

ಅಷ್ಟರಲ್ಲಿ ಬಾಳೂರಿನ ಚಂದ್ರಶೇಖರಪ್ಪನವರ ಮಗಳು ಶಾಂತಕುಮಾರಿಯನ್ನು ನೋಡಲು ಕರೆ ಬಂತು. ಫೋಟೊ ನೋಡಿಯೇ ವೀರೇಂದ್ರ ಮನಸ್ಸು ಕೊಟ್ಟಿದ್ದ. ಭಾನುವಾರ ತಾಯಿಯೊಂದಿಗೆ ಹೂವು ಹಣ್ಣು ಹಿಡಿದು ಬಸ್‌ಸ್ಟ್ಯಾಂಡಿಗೆ ಬಂದ. ತಾಯಿ ಆ ಕಡೆ ಹೋದವರಲ್ಲ, ಓದೂ ಬಾರದು, ಮಗ ಬಿ.ಕಾಂ. ಓದಿದ್ದಾನೆ ಅಂತ ಧೈರ್ಯ. ಮಗ ಕಣ್ಣು ಕಿರಿದು ಮಾಡಿ ಬೋರ್ಡು ನೋಡಿದ. ಮೊದಲಿಗೆ ಬ, ಕೊನೆಗೆ ಊರು; ನಡುವಿನದೆಲ್ಲ ಕಲಸಿದ ಅವಲಕ್ಕಿ. "ಬಾಳೂರೇ, ಹತ್ತಮ್ಮ," ಅಂದ. ಕಂಡಕ್ಟರಿಗೂ "ಬಾಳೂರು ಎರಡು" ಅಂದ. ಎಂಜಿನ್ನಿನ ಸದ್ದಿನಲ್ಲಿ ಆತ ಬೇಲೂರಿಗೆ ಎರಡು ಟಿಕೆಟ್ ಹರಿದುಕೊಟ್ಟ. ವೀರೇಂದ್ರ ತಲೆನೋವಿಗೆ ಕಣ್ಣು ಮುಚ್ಚಿ ಒರಗಿದ.

"ಬಾಳೂರು ಇಷ್ಟು ದೊಡ್ಡ ಪೇಟೆಯೇನೋ?" ಅಂತ ತಾಯಿ ಎಬ್ಬಿಸಿದಾಗ ಅವನಿಗೆ ನೆಲ ಬಿರಿಯಬಾರದೇ ಅನ್ನಿಸಿತು. ಎಸ್‌ಟಿಡಿ ಬೂತಿನಿಂದ ಬಾಳೂರಿಗೆ ಫೋನ್ ಮಾಡಿ, ಬೋರ್ಡು ಸರಿಯಾಗಿ ಕಾಣಲಿಲ್ಲ ಎಂದು ಹೇಳಿಯೇಬಿಟ್ಟ.

"ಬೇಲೂರಿಗೆ ಹೋದ್ರಾ? ಹಾಗಾದ್ರೆ ಅಲ್ಲೇ ಯಾರನ್ನಾದ್ರೂ ನೋಡ್ಕೊಂಡು ಬನ್ನಿ ಮಾರಾಯ್ರೇ," ಅಂದರು ಚಂದ್ರಶೇಖರಪ್ಪ. ಆಮೇಲೆ ಸಿಟ್ಟು ಸ್ವಲ್ಪ ಇಳಿದು, "ಮುಂದಿನ ತಿಂಗ್ಳು ಬನ್ನಿ. ಇನ್ನೊಂದ್ಸಲ ತಪ್ಪಿದ್ರೆ ನಮ್ಮನೆ ಕಡೆ ಬರ್ಲೇಬೇಡಿ," ಅಂದರು.

ವೀರೇಂದ್ರ ತಾಯಿಗೂ ಹೇಳದೆ ಚಿಕ್ಕಮಗಳೂರಿಗೆ ಹೋಗಿ ಕಣ್ಣು ತೋರಿಸಿದ. ಡಾಕ್ಟರಮ್ಮ ವಿವರಿಸಿದರು: "ಕಣ್ಣಿನ ಮುಂಭಾಗ ಚೆಂಡಿನ ಹಾಗೆ ಎಲ್ಲ ಕಡೆ ಒಂದೇ ಸಮ ಇರ್ಬೇಕು. ನಿಮ್ದು ಚಮಚದ ಬೆನ್ನಿನ ಹಾಗೆ ಒಂದು ಕಡೆ ಜಾಸ್ತಿ ಬಾಗಿದೆ. ಅಸ್ಟಿಗ್ಮ್ಯಾಟಿಸಂ ಅಂತಾರೆ. ಕಷಾಯಕ್ಕೆ ಹೋಗೋದಲ್ಲ, ಆ ಬಾಗನ್ನ ಸರಿದೂಗಿಸೋ ಸಿಲಿಂಡರ್ ಪವರಿನ ಕನ್ನಡಕ ಬೇಕು."

"ಗ್ಯಾಸಿಗೆ ಅರ್ಜಿ ಹಾಕಿ ಎರಡು ವರ್ಷ ಆಯ್ತು ಮೇಡಂ, ಮನೆಗಿನ್ನೂ ಸಿಲಿಂಡರ್ ಬಂದಿಲ್ಲ. ಕಣ್ಣಿಗೆ ಇಷ್ಟು ಬೇಗ ಸಿಗುತ್ತಾ?" ಅಂದ.

ಆಕೆ ನಕ್ಕು, ಯಾವಾಗಲೂ ಹಾಕಿಕೊಂಡಿರಿ, ಫ್ರೇಮ್ ಸೊಟ್ಟಗಾದರೆ ಗಾಜಿನ ಕೋನ ತಪ್ಪುತ್ತದೆ, ಆಗಾಗ ಬಂದು ತೋರಿಸಿ ಎಂದರು. ಕನ್ನಡಕ ಹಾಕಿದ ಮೊದಲ ಕೆಲವು ದಿನ ಅಂಗಡಿಯ ನೆಲವೇ ಓರೆಯಾಗಿ ಕಂಡು, ಇಲ್ಲದ ಮೆಟ್ಟಿಲು ಹತ್ತಿದ. ಆಮೇಲೆ ತಲೆನೋವು ಹೋಯಿತು. ಬಾಳೂರಿಗೆ ಹೊರಡುವಾಗ ತಾಯಿ, "ಅಲ್ಲಿ ತೆಗ್ದು ಜೇಬಿಗೆ ಹಾಕ್ಕೊಳೋ," ಎಂದು ಗೋಗರೆದರು. ಅವನು ಒಪ್ಪಲಿಲ್ಲ. ಈ ಸಲ ಬಸ್ಸಿನ ಬೋರ್ಡನ್ನು ಒಂದನೇ ಕ್ಲಾಸಿನ ಮಗುವಿನ ಹಾಗೆ ಗಟ್ಟಿಯಾಗಿ ಓದಿ ಹತ್ತಿದ.

ಶಾಂತಕುಮಾರಿ ಕಾಫಿ ತಂದಳು. ಲೋಟ ಇಡುವ ಮೊದಲು ಟೀಪಾಯಿಯ ಅಂಚನ್ನು ಬೆರಳಿನಿಂದ ತಡಕಿದಳು. ವೀರೇಂದ್ರ ತಲೆಯೆತ್ತಿದ. ಅವಳ ಮೂಗಿನ ಎರಡೂ ಪಕ್ಕದಲ್ಲಿ ಚಿಕ್ಕ ಕೆಂಪು ಗುಳಿಗಳು. ಈಗಷ್ಟೇ ತೆಗೆದಿಟ್ಟ ಕನ್ನಡಕದ ಗುರುತು. ಕನ್ನಡಕ ಇಲ್ಲದಿದ್ದರೆ ಅವನಿಗದು ಕಾಣುತ್ತಲೇ ಇರಲಿಲ್ಲ. ಈ ಮನೆಯಲ್ಲೂ ಒಬ್ಬ ಸಿದ್ದಗಂಗಮ್ಮ ಇದ್ದಾರೆ ಅನ್ನಿಸಿ ಅವನಿಗೆ ನಗುವೂ ಪ್ರೀತಿಯೂ ಒಟ್ಟಿಗೇ ಬಂದವು.

"ನೀವೂ ಹಾಕ್ಕೊಂಡು ಬನ್ನಿ," ಅಂದ. "ನನ್ನನ್ನ ಸರಿಯಾಗಿ ನೋಡಿ. ಆಮೇಲೆ ಬೇಡ ಅಂದ್ರೂ ಬೇಜಾರಿಲ್ಲ."

ಬೇಜಾರಾಗುತ್ತಿತ್ತು, ಬೇಕಾದಷ್ಟು. ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಬಂದ ಶಾಂತಕುಮಾರಿ ಅವನನ್ನು ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ನೋಡಿದಳು.

"ಅಂಗಿ ಗುಂಡಿ ತಪ್ಪು ಹಾಕಿದೀರಿ," ಅಂದಳು. "ಮದ್ವೆ ದಿನಾನಾದ್ರೂ ಸರಿಯಾಗಿ ಹಾಕ್ಕೊಂಡು ಬನ್ನಿ."